ಮೂಲೆಯಲ್ಲಿ ಹಾರಿ ಬರುವ ‘ವೈರಸ್’ ಪಾಪ್‌ಅಪ್

ಮುಂಬೈ ಹತ್ತಿರದ ಡೊಂಬಿವಲಿಯ ನಿಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಬಲಗಡೆ ಕೆಳಮೂಲೆಗೆ ‘ವೈರಸ್ ಬಂದಿದೆ’ ಎಂದು ಹಾರಿ ಬರುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅದು ಬಹುಶಃ ವೈರಸ್ಸೇ ಅಲ್ಲ, ಕ್ರೋಮ್ ಬ್ರೌಸರ್ ಮೂಲಕ ಯಾವುದೋ ಸೈಟ್ ಕಳಿಸುವ ನೋಟಿಫಿಕೇಶನ್ (ಸೂಚನೆ). ‘ನೀವು ರೋಬೋಟ್ ಅಲ್ಲ ತಾನೇ? ಅಲೋ (Allow) ಒತ್ತಿ’ ಎಂದು ಆ ಸೈಟ್ ಕೇಳಿರುತ್ತದೆ, ಮನೆಯಲ್ಲಿ ಯಾರೋ ಸುಮ್ನೆ ಒತ್ತಿರುತ್ತಾರೆ. ಪಾಪ್‌ಅಪ್ ಮೇಲೆ ಚಿಕ್ಕದಾಗಿ ‘ಗೂಗಲ್ ಕ್ರೋಮ್’ ಅಂತ, ಜೊತೆಗೆ ಅಡ್ಡಾದಿಡ್ಡಿ ಹೆಸರಿನ ಸೈಟ್ ವಿಳಾಸ ಕಂಡರೆ ಅದೇ.

ಕ್ರೋಮ್‌ನ ಮೂರು ಚುಕ್ಕಿ ಒತ್ತಿ. ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಕೊನೆಗೆ ನೋಟಿಫಿಕೇಶನ್ಸ್. ಅನುಮತಿ ಇರುವ ಪಟ್ಟಿಯಲ್ಲಿ ಗುರುತು ಸಿಗದ್ದನ್ನೆಲ್ಲ ಬ್ಲಾಕ್ ಮಾಡಿ. ರಿಮೂವ್ ಬೇಡ, ಆ ಸೈಟ್ ಮತ್ತೆ ಕೇಳಬಹುದು.

ಆಮೇಲೂ ಬಂದರೆ ಕ್ರೋಮ್‌ನ ಎಕ್ಸ್‌ಟೆನ್ಶನ್ಸ್, ಅಂದರೆ ಬ್ರೌಸರಿಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂಗಳನ್ನು ನೋಡಿ. ಉಚಿತ ಪಿಡಿಎಫ್ ಕನ್ವರ್ಟರ್, ಕೂಪನ್ ತೋರಿಸುವಂಥವು, ನೀವು ಹಾಕಿದ ನೆನಪೇ ಇಲ್ಲದವು ಎಲ್ಲ ತೆಗೆಯಿರಿ. ನಂತರ ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸು ಬಂದಿರುವುದರ ಮೇಲೇ ಜಾಸ್ತಿ ಅನುಮಾನ.

ಕೊನೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ವೈರಸ್ ಹುಡುಕುವ ತಪಾಸಣೆ ಮಾಡಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ, ಕೆಲಸ ಸೇವ್ ಮಾಡಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡಿಸಲು ಸಿಪಿಯು ಹೊತ್ತು ಮುಂಬೈನ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವುದು ಇಷ್ಟೆಲ್ಲ ಆದ ಮೇಲಿನ ಮಾತು. ಪಾಪ್‌ಅಪ್‌ನಲ್ಲಿರುವ ನಂಬರಿಗೆ ಮಾತ್ರ ಮನೆಯವರು ಯಾರೂ ಫೋನ್ ಮಾಡದ ಹಾಗೆ ನೋಡಿಕೊಳ್ಳಿ.