ಯಾರು ಯಾರಿಗಾಗಿ ಕಾಯಬೇಕು?

ಸಿರುಗುಪ್ಪ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಚರ್ಚಿನ ಬೋರ್ಡಿನಲ್ಲಿ ಭಾನುವಾರದ ಆರಾಧನೆ ಬೆಳಗ್ಗೆ 9ಕ್ಕೆ ಅಂತ ಇದೆ. ಶುರುವಾಗುವುದು ಒಂಬತ್ತೂ ಮುಕ್ಕಾಲಿಗೆ. ಕೇಳಿದರೆ ಹಿರಿಯರು, ದೇವರು ಹೃದಯ ನೋಡುತ್ತಾನೆ, ಗಡಿಯಾರ ನೋಡಲ್ಲ ಅಂತಾರೆ. ಟೈಮಿಗೆ ಸರಿಯಾಗಿ ಬರುವುದು ಇಂಗ್ಲಿಷ್ ದೊರೆಗಳು ಕಲಿಸಿ ಹೋದ ಚಾಳಿ ಅಂತ ಒಬ್ಬ ಯುವಕ ವಾದ ಮಾಡಿದ. ಈಗ ನಾನೂ ಒಂಬತ್ತೂವರೆಗೇ ಹೋಗುತ್ತೇನೆ. ಸಮಯಪಾಲನೆ ನಿಜವಾಗಿ ಕ್ರೈಸ್ತ ಗುಣವೇ? ತಡವಾಗಿ ಬಂದವರಿಗೆ ಬಾಗಿಲು ಹಾಕಬಹುದೇ?”

ಪ್ರಿಯ ಸಹೋದರರೇ,

ಹೌದು, ಅದು ಕ್ರೈಸ್ತ ಗುಣವೇ. ನಾನು ಇದನ್ನು ಬರೀ ಶಿಸ್ತಿನ ವಿಷಯ ಅಂತ ನೋಡುವುದಿಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯ ಒಳಗೇ ಇದೂ ಇದೆ ಎಂದು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ನಿಮ್ಮ ಹಿರಿಯರ ಮಾತಿನಲ್ಲೂ ಸತ್ಯ ಇದೆ. ಯೇಸುಸ್ವಾಮಿ ಅವಸರಪಟ್ಟವರಲ್ಲ. ಆಪ್ತನಾದ ಲಾಜರನಿಗೆ ಕಾಯಿಲೆ ಎಂದು ಗೊತ್ತಾದ ಮೇಲೂ ಇದ್ದ ಊರಿನಲ್ಲೇ ಎರಡು ದಿನ ಉಳಿದರು. ಬೇಥಾನ್ಯಕ್ಕೆ ಬರುವಷ್ಟರಲ್ಲಿ ಅವನನ್ನು ಸಮಾಧಿ ಮಾಡಿ ನಾಲ್ಕು ದಿನ ಆಗಿತ್ತು. ಅವಸರ ಮನುಷ್ಯನನ್ನು ಕಲ್ಲು ಮಾಡುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ದೇವಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಮಾತನಾಡಬೇಕು ಎಂದು ಅವರನ್ನು ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನಿಂತು ನೆರವಾದ ಒಳ್ಳೆಯ ಸಮಾರ್ಯದವನ ಕಥೆಯೇ! ದಾರಿಯಲ್ಲಿ ಒಬ್ಬನನ್ನು ನರಳುವವನಂತೆ ಕೂರಿಸಿದ್ದರು. ಪುರಸೊತ್ತು ಇದ್ದವರಲ್ಲಿ ನೂರಕ್ಕೆ 63 ಜನ ನಿಂತು ಸಹಾಯ ಮಾಡಿದರು. ‘ನಿಮಗೆ ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10 ಮಾತ್ರ.

ಇದನ್ನು ಹಿಡಿದು, ನೋಡಿ ಗಡಿಯಾರವೇ ಪ್ರೀತಿಯ ಶತ್ರು ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ನರಳುವವನನ್ನು ದಾಟಿ ಹೋದವರು ತಡವಾಗಿದೆ ಎಂದು ಓಡುತ್ತಿದ್ದವರು. ಮನೆಯಿಂದ ಬೇಗ ಹೊರಟವನಿಗೆ ದಾರಿಯಲ್ಲಿ ನಿಲ್ಲಲು ಹೊತ್ತಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬಳು ಬೋರ್ಡ್ ಓದಿ ಹೇಳಪ್ಪಾ ಅಂದರೆ, ಕೊನೆ ಗಳಿಗೆಯಲ್ಲಿ ಓಡಿ ಬಂದವನು ಹೇಳುತ್ತಾನಾ?

ಇನ್ನು ಹೃದಯದ ಮಾತು. ದೇವರು ಅದನ್ನು ಪ್ರವಾದಿ ಸಮುವೇಲನಿಗೆ ಹೇಳಿದ್ದು, ಅವನು ದಾವೀದನ ಅಣ್ಣ ಎಲೀಯಾಬನನ್ನು ನೋಡಿದಾಗ. ಆಳಿನ ಎತ್ತರ, ರೂಪ ನೋಡಿ ಅರಸನನ್ನು ಆರಿಸಬೇಡ ಎಂಬ ಅರ್ಥದಲ್ಲಿ. 9 ಗಂಟೆ ಎಂದು ಬೋರ್ಡ್ ಹಾಕಿ ಮುಕ್ಕಾಲು ಗಂಟೆ ಜನರನ್ನು ಕೂರಿಸುವುದಕ್ಕೆ ಅದರಲ್ಲಿ ಪರವಾನಗಿ ಇಲ್ಲ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಬೋರ್ಡೂ ಒಂದು ಮಾತೇ ಅಲ್ವಾ?

ಯಾಯೀರನ ಕಥೆಯನ್ನು ಇನ್ನೊಮ್ಮೆ ಓದಿ, ಮಾರ್ಕನ 5ನೇ ಅಧ್ಯಾಯ. ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಭಾಗ ಇದು. ಯಾಯೀರ ಸಭಾಮಂದಿರದ ಅಧಿಕಾರಿ, ಊರಿನ ದೊಡ್ಡ ಮನುಷ್ಯ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾರೆ. ನಡುವೆ ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ಸೋತ ಹೆಂಗಸು ಬಂದು ಅವರ ಬಟ್ಟೆ ಮುಟ್ಟುತ್ತಾಳೆ. ಇದ್ದ ಹಣವನ್ನೆಲ್ಲಾ ವೈದ್ಯರಿಗೆ ಸುರಿದವಳು. ಸ್ವಾಮಿ ಅಲ್ಲೇ ನಿಲ್ಲುತ್ತಾರೆ, ಯಾರು ಮುಟ್ಟಿದ್ದು ಎಂದು ಹುಡುಕುತ್ತಾರೆ, ಅವಳ ಮಾತು ಪೂರ್ತಿ ಕೇಳುತ್ತಾರೆ. ಅಷ್ಟೂ ಹೊತ್ತು ಕಾದದ್ದು ಯಾರು? ಅಧಿಕಾರಿ. ಯಾರಿಗಾಗಿ? ಹೆಸರೂ ಗೊತ್ತಿಲ್ಲದ ಬಡವಿಗಾಗಿ.

ನಮ್ಮಲ್ಲಿ ಇದು ತಲೆಕೆಳಗಾಗಿದೆ. ಬಡವರು ಕಾಯುತ್ತಾರೆ, ದೊಡ್ಡವರು ಬರುತ್ತಾರೆ.

ಬಳ್ಳಾರಿಯ ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳನ್ನು ಕೇಳಿ. ಪೀಸ್ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುವವರಿಗೆ ಮುಕ್ಕಾಲು ಗಂಟೆ ಅಂದರೆ ಇಷ್ಟು ದುಡ್ಡು ಅಂತ ಬಾಯಲ್ಲೇ ಲೆಕ್ಕ ಇರುತ್ತದೆ. ಅವರಿಗೆ ಭಾನುವಾರ ಒಂದೇ ಬಿಡುವು. ಒಗೆಯುವ ಬಟ್ಟೆ, ಮಕ್ಕಳ ತಲೆಸ್ನಾನ, ನಲ್ಲಿ ನೀರು ಬರುವ ಸರದಿ ಎಲ್ಲಾ ಆ ದಿನಕ್ಕೇ ಬಿದ್ದಿರುತ್ತದೆ. ಅದರ ನಡುವೆ ರೊಟ್ಟಿ ಬಡಿದಿಟ್ಟು, ಒಂಬತ್ತಕ್ಕೆ ಸರಿಯಾಗಿ ಬಂದು ಚಾಪೆ ಮೇಲೆ ಕೂರುವವರು ಅವರೇ. ನೀವೇ ಒಂದು ಭಾನುವಾರ ಗಮನಿಸಿ, ಮೊದಲು ಬರುವವರು ಯಾರು, ಕಡೆಗೆ ಬರುವವರು ಯಾರು ಎಂದು. ತಡ ಮಾಡಿದಾಗ ನಾವು ಕಸಿದುಕೊಳ್ಳುವುದು ಅವರ ಹೊತ್ತನ್ನು.

ಯುವಕನ ವಾದಕ್ಕೆ ಜಾಸ್ತಿ ಹೇಳಬೇಕಿಲ್ಲ. ಬಳ್ಳಾರಿ ಸೀಮೆ ಬ್ರಿಟಿಷರ ಕೈಗೆ ಹೋದದ್ದು 1800ರಲ್ಲಿ. ಎರೆ ಹೊಲದಲ್ಲಿ ಹದ ನೋಡಿ ಹಿಂಗಾರಿ ಜೋಳ ಬಿತ್ತುವುದನ್ನು ನಮ್ಮ ರೈತರಿಗೆ ಯಾವ ದೊರೆಯೂ ಕಲಿಸಲಿಲ್ಲ. ತುಂಗಭದ್ರಾ ಕಾಲುವೆಯ ನೀರಿನ ಸರದಿಗೆ ರಾತ್ರಿಯೆಲ್ಲಾ ಎದ್ದಿರುವ ಜನ ನಿಮ್ಮ ಊರಲ್ಲೇ ಇದ್ದಾರೆ. ನೆಡುವುದಕ್ಕೊಂದು ಸಮಯ, ಕೀಳುವುದಕ್ಕೊಂದು ಸಮಯ ಎಂದು ಬೈಬಲಿನ ಪ್ರಸಂಗಿ ಬರೆದಾಗ ಇಂಗ್ಲೆಂಡ್ ಎಂಬ ದೇಶವೇ ಇರಲಿಲ್ಲ. ಆದರೆ ಒಬ್ಬ ಇಂಗ್ಲಿಷಿನವರ ಮಾತು ಹೇಳಲೇಬೇಕು. ಮೆಥಡಿಸ್ಟ್ ಪಂಥ ಶುರು ಮಾಡಿದ ಬೋಧಕ ಜಾನ್ ವೆಸ್ಲಿ ಬೆಳಗ್ಗೆ 4ಕ್ಕೆ ಏಳುತ್ತಿದ್ದರು. 5ಕ್ಕೆ ಪ್ರಸಂಗ. ಕೂಲಿಯವರು ಕೆಲಸಕ್ಕೆ ಹೋಗುವ ಮುಂಚೆ ಕೇಳಿ ಹೋಗಲಿ ಅಂತ. ತಮ್ಮ ಜೊತೆ ಸೇವೆ ಮಾಡುವವರಿಗೆ ಕೊಟ್ಟ ನಿಯಮಗಳಲ್ಲಿ, ಪ್ರತಿ ಕೆಲಸವನ್ನೂ ಅದರ ಹೊತ್ತಿಗೆ ಸರಿಯಾಗಿ ಮಾಡು ಎಂಬುದನ್ನೂ ಸೇರಿಸಿದರು. ಯಾರ ಅನುಕೂಲಕ್ಕೆ ಗಡಿಯಾರ ಇಟ್ಟರು ನೋಡಿ!

ಇದು ಚರ್ಚಿನ ರೋಗ ಮಾತ್ರ ಅಲ್ಲ. ಕೆಲವು ವರ್ಷಗಳ ಹಿಂದೆ ಬಳ್ಳಾರಿಯಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಸಂಜೆ ಐದಕ್ಕೆ ಎಂದಿತ್ತು. ಮುಖ್ಯ ಅತಿಥಿ ಬಂದದ್ದು ಏಳು ಗಂಟೆ ದಾಟಿದ ಮೇಲೆ. ಅಲ್ಲಿಯವರೆಗೆ ಪುಟ್ಟ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು, ಜರಿ ಬಟ್ಟೆ ಹಾಕಿಕೊಂಡು ವೇದಿಕೆ ಹಿಂದೆ ಬೆವರುತ್ತಾ ನಿಂತಿದ್ದವು. ಆಮೇಲೆ ಸ್ವಾಗತ, ಹಾರ, ಶಾಲು, ಭಾಷಣ. ನನ್ನ ಪಕ್ಕ ಕೂತಿದ್ದ ತಾಯಿ ಕುರುಗೋಡಿನ ಕಡೆಯವರು. ಕೊನೆ ಬಸ್ ತಪ್ಪುತ್ತದೆ ಎಂದು ಎದ್ದರು. ಮಗಳ ಡ್ಯಾನ್ಸ್ ಇನ್ನೂ ಬಂದಿರಲಿಲ್ಲ. ಹಾಗೇ ಬಣ್ಣ ಹಚ್ಚಿದ ಮುಖದಲ್ಲೇ ಮಗುವನ್ನು ಕರೆದುಕೊಂಡು ಹೊರಟುಹೋದರು. ತಡವಾಯಿತು ಎಂದು ವೇದಿಕೆಯಿಂದ ಒಬ್ಬರೂ ಕ್ಷಮೆ ಕೇಳಲಿಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಚಿನ್ನದ ಉಂಗುರದವನನ್ನು ಒಳ್ಳೆಯ ಜಾಗದಲ್ಲಿ ಕೂರಿಸಿ, ಬಡವನಿಗೆ ನೀನು ಅಲ್ಲಿ ನಿಲ್ಲು ಎನ್ನುವ ಸಭೆಯನ್ನು ಯಾಕೋಬನು ತನ್ನ ಪತ್ರದ 2ನೇ ಅಧ್ಯಾಯದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾನೆ. ಅವನು ಹೇಳಿದ್ದು ಜಾಗದ ಬಗ್ಗೆ. ಹೊತ್ತಿನಲ್ಲೂ ನಾವು ಅದನ್ನೇ ಮಾಡುತ್ತಿದ್ದೇವೆ.

ಕೂಲಿಯ ವಿಷಯ ಎತ್ತದೆ ಇರಲಾರೆ. ಕೂಲಿಯವನ ಕೂಲಿ ಬೆಳಗಾಗುವ ತನಕ ನಿನ್ನ ಹತ್ತಿರ ಇರಬಾರದು ಎಂದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ಒಂದು ರಾತ್ರಿ ಕೂಡ ಕಳೆಯಬಾರದು! ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಯಾಕೋಬ ಬರೆದ. ನಮ್ಮ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂದಾಗ ಅದರಲ್ಲೂ 15 ದಿನದೊಳಗೆ ಕೂಲಿ ಕೊಡಬೇಕು ಎಂದು ಬರೆದರು. ಆ ಗಡುವು ಮೀರಿ ಕಾದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ! ಭಾನುವಾರ ಸರಿಯಾಗಿ ಒಂಬತ್ತಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುವ ಧಣಿಗಳಿದ್ದರೆ ಅವರಿಗೂ ಕೇಳುತ್ತೇನೆ: ಶನಿವಾರದ ಬಟವಾಡೆ ಶನಿವಾರವೇ ಆಯಿತಾ? ಅದಾಗದೆ ಪ್ರಾರ್ಥನೆಗೆ ಮಾತ್ರ ಟೈಮಿಗೆ ಬಂದರೆ ಅದು ಸಮಯಪಾಲನೆ ಅಲ್ಲ.

ಪತ್ರಿಕೆಯವರಿಗೂ ಇದೇ ನಿಯಮ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಮಂಗಳೂರಿನಲ್ಲಿ 1843ರ ಜುಲೈ 1ರಂದು ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ ಶುರು ಮಾಡಿದರು. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಮರುವರ್ಷ ಅದು ನಮ್ಮ ಬಳ್ಳಾರಿಗೇ ಬಂದು ‘ಕನ್ನಡ ಸಮಾಚಾರ’ ಆಗಿ ಅಚ್ಚಾಯಿತು. ಕಲ್ಲಿನ ಮೇಲೆ ಅಚ್ಚು ತೆಗೆಯುತ್ತಿದ್ದವರು ಪಕ್ಷಕ್ಕೊಂದು ಸಂಚಿಕೆ ಎಂದು ಓದುಗರಿಗೆ ಮಾತು ಕೊಟ್ಟಿದ್ದರು. ಈಗ ಕಂಪ್ಯೂಟರ್ ಇಟ್ಟುಕೊಂಡು, ಚಂದಾ ತೆಗೆದುಕೊಂಡು, ಎರಡು ತಿಂಗಳ ಸಂಚಿಕೆಯನ್ನು ಒಟ್ಟಿಗೆ ತರುವ ಪತ್ರಿಕೆಗಳನ್ನು ನೋಡಿದರೆ ಬೇಸರವಾಗುತ್ತದೆ.

ನಿಮ್ಮ ಮೇಲೂ ಒಂದು ಆಕ್ಷೇಪ ಇದೆ, ಸಹೋದರರೇ. ‘ನಾನೂ ಒಂಬತ್ತೂವರೆಗೇ ಹೋಗುತ್ತೇನೆ’ ಎಂದಿರಿ. ಇಷ್ಟು ಚೆನ್ನಾಗಿ ಯೋಚಿಸಿ ಪತ್ರ ಬರೆದವರು ಅಲ್ಲಿ ಯಾಕೆ ಕೈಬಿಟ್ಟಿರಿ? ಒಂಬತ್ತಕ್ಕೆ ಬಂದು ಕೂತ ಆ ನಾಲ್ಕು ಮಂದಿಗೆ ಜೊತೆ ಬೇಕು. ನಿಮ್ಮಂಥವರೂ ತಡವಾಗಿ ಬಂದರೆ ತಪ್ಪು ಬೇಗ ಬಂದ ತಮ್ಮದೇ ಇರಬೇಕು ಎಂದು ಅವರು ಅಂದುಕೊಳ್ಳುತ್ತಾರೆ.

ಬಾಗಿಲು ಮಾತ್ರ ಹಾಕಬೇಡಿ. ಹತ್ತು ಮಂದಿ ಕನ್ಯೆಯರ ಕಥೆಯಲ್ಲಿ ಮದುವೆಗೆ ತಡವಾಗಿ ಬಂದವರಿಗೆ ಬಾಗಿಲು ತೆರೆಯದೆ ಇದ್ದದ್ದು ಮದಲಿಂಗ, ಚರ್ಚ್ ಕಮಿಟಿ ಅಲ್ಲ. ಕೂಡಿ ಊಟ ಮಾಡುವಾಗ ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ ಎಂದು ಪೌಲ ಕೊರಿಂಥದವರಿಗೆ ಬರೆದದ್ದೂ ಇದೆ. ಅಲ್ಲಿ ಉಳ್ಳವರು ಮೊದಲೇ ತಿಂದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಹಾಗಾಗಿ ರಾತ್ರಿ ಪಾಳಿ ಮುಗಿಸಿ ತೋರಣಗಲ್ಲಿನಿಂದ ಓಡಿ ಬರುವ ಹುಡುಗನಿಗೆ ಹಿಂದಿನ ಸಾಲಿನಲ್ಲಿ ಜಾಗ ಇಟ್ಟಿರಿ. ಕಾರಿನಲ್ಲಿ ಬರುವ ಅತಿಥಿಗಾಗಿ ಹಾಡು ನಿಲ್ಲಿಸಬೇಡಿ.

ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮದಲ್ಲಿ ಒಂದು ಒಳ್ಳೆಯ ಉಪಾಯ ಇದೆ. ರಾತ್ರಿ ಪ್ರಾರ್ಥನೆಯ ಶುರುವಿನ ಕೀರ್ತನೆಯನ್ನು ಬೇಕೆಂದೇ ಎಳೆದು ನಿಧಾನವಾಗಿ ಹೇಳಬೇಕು. ಅಷ್ಟರಲ್ಲಿ ತಡವಾದವರು ಬಂದು ಸೇರಲಿ ಎಂದು. ಅದಾದ ಮೇಲೂ ಬಂದವನು ತನ್ನ ಜಾಗಕ್ಕೆ ಹೋಗದೆ ಕೊನೆಯಲ್ಲಿ ನಿಲ್ಲಬೇಕು. ಆದರೆ ಒಳಗೇ ಇರಬೇಕು. ಹೊರಗೆ ಬಿಟ್ಟರೆ ಮತ್ತೆ ಹೋಗಿ ಮಲಗಿಬಿಡುತ್ತಾನೆ, ಇಲ್ಲ ಹರಟೆ ಹೊಡೆಯುತ್ತಾನೆ ಎಂದೂ ಬರೆದಿದ್ದಾರೆ. ನಿಮ್ಮ ಪಾಸ್ಟರಿಗೆ ಇದನ್ನು ಓದಿ ಹೇಳಿ. ಒಂಬತ್ತಕ್ಕೆ ಐದೇ ಜನ ಇದ್ದರೂ ಮೊದಲ ಹಾಡು ಎತ್ತಲಿ, ಚರಣ ಜಾಸ್ತಿ ಇರುವ ಹಾಡನ್ನೇ ಆರಿಸಿಕೊಳ್ಳಲಿ. ಮೂರು ತಿಂಗಳು ಬಿಡದೆ ಮಾಡಿ ನೋಡಿ, ಏನಾಯಿತು ಎಂದು ನನಗೆ ಬರೆಯಿರಿ. ಹಿರಿಯರ ಉತ್ತರವನ್ನೂ ಜೊತೆಗೆ ಕಳಿಸಿ, ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ