ಮರಣದಂಡನೆ ವಿಧಿಸಿದ ಮೇಲೆ ಬಂದ ಮಾನಸಿಕ ಕಾಯಿಲೆಗೆ ಕ್ಷಮಾದಾನದಲ್ಲಿ ಬೆಲೆಯುಂಟೇ?

ಉಂಟು. ಅಪರಾಧದ ಕ್ಷಣದ ಬುದ್ಧಿವಿಕಲತೆಯನ್ನು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಗಮನಿಸುತ್ತದೆ. ಗಲ್ಲಿನ ನೆರಳಲ್ಲಿ ವರ್ಷಗಟ್ಟಲೆ ಕಳೆದು ಮನಸ್ಸು ಕೆಟ್ಟವರ ಪ್ರಶ್ನೆ ಬೇರೆಯದು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ 15 ಮಂದಿಯ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ ಸುಪ್ರೀಂ ಕೋರ್ಟ್, ಕ್ಷಮಾದಾನ ಅರ್ಜಿಯ ಅತಿಯಾದ ವಿಳಂಬದಂತೆಯೇ ಮಾನಸಿಕ ಕಾಯಿಲೆಯೂ ಅದಕ್ಕೆ ತಕ್ಕ ಕಾರಣವೆಂದಿತು. ಅವರಲ್ಲಿ ನಾಲ್ವರು ನಮ್ಮ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದ್ದ, ವೀರಪ್ಪನ್ ತಂಡ ನಡೆಸಿದ 1993ರ ಪಾಲಾರ್ ಸ್ಫೋಟದ ಅಪರಾಧಿಗಳು. ಇಲ್ಲಿ ವಿಧಿಸಿದ್ದು ಜೀವಾವಧಿ. 2004ರಲ್ಲಿ ಅದನ್ನು ಗಲ್ಲುಶಿಕ್ಷೆಗೆ ಹೆಚ್ಚಿಸಿದ್ದು ಸುಪ್ರೀಂ ಕೋರ್ಟೇ. ಅವರನ್ನು ಉಳಿಸಿದ್ದು ವಿಳಂಬವೇ ಹೊರತು ಕಾಯಿಲೆಯಲ್ಲ, ಇವೆರಡನ್ನು ಬೆರೆಸಬಾರದು.

ಆದರೆ ಯಾವ ಕಾಯಿಲೆಯಾದರೂ ಸಾಲದು. ಸುಪ್ರೀಂ ಕೋರ್ಟಿನ 2019ರ ತೀರ್ಪಿನ ಪ್ರಕಾರ, ತನಗೇಕೆ ಈ ಶಿಕ್ಷೆ ಎಂಬುದೇ ತಿಳಿಯದಷ್ಟು ಕಾಯಿಲೆ ತೀವ್ರವಾಗಿರಬೇಕು, ಮತ್ತು ಅದನ್ನು ರುಜುವಾತುಪಡಿಸುವ ಹೊಣೆ ಕೈದಿಯದೇ. ನನಗೆ ಅನ್ಯಾಯವೆನಿಸುವುದು ಇದೇ: ತನ್ನ ಹೆಸರನ್ನೇ ಮರೆತವನು ವೈದ್ಯಕೀಯ ದಾಖಲೆ ಒದಗಿಸುವುದಾದರೂ ಹೇಗೆ? ಆದ್ದರಿಂದ ಸಂವಿಧಾನದ 72 (ರಾಷ್ಟ್ರಪತಿಗೆ) ಅಥವಾ 161ನೇ (ರಾಜ್ಯಪಾಲರಿಗೆ) ವಿಧಿಯಡಿಯ ಕ್ಷಮಾದಾನ ಅರ್ಜಿಯೊಂದಿಗೆ, ಜೈಲು ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳ ವಿವರದಿಂದ ಹಿಡಿದು ಮನೋವೈದ್ಯರ ವರದಿಯವರೆಗೆ ಎಲ್ಲವನ್ನೂ ಕುಟುಂಬದವರು ಇಲ್ಲವೇ ಕಾನೂನು ನೆರವಿನ ವಕೀಲರು ಮೊದಲೇ ಕೇಳಿ ಪಡೆದು ಲಗತ್ತಿಸಬೇಕು.