ಎರಡು ವಿಮಾನಗಳ ನಡುವೆ ಅರ್ಧ ದಿನವಿದ್ದರೆ ದೇವನಹಳ್ಳಿ ನೋಡಬಹುದೇ?

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದು ಮುಂದಿನ ವಿಮಾನಕ್ಕೆ ಕಾಯುವ ಅರ್ಧ ದಿನವನ್ನು ದೇವನಹಳ್ಳಿಯಲ್ಲಿ ಕಳೆಯಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕಳೆಯಬಹುದು. ಆದರೆ ಅರಮನೆ, ಉದ್ಯಾನಗಳಿರುವ ಕೋಟೆಯನ್ನು ಕಲ್ಪಿಸಿಕೊಂಡು ಹೋಗಬೇಡಿ. ಇದು ಜನ ಇಂದಿಗೂ ಮನೆ ಮಾಡಿಕೊಂಡಿರುವ ಕೋಟೆ, ನನ್ನ ಮಟ್ಟಿಗೆ ಇದರ ಸೊಗಸೂ ಅದೇ.

1501ರಲ್ಲಿ ಆವತಿ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡ ಇಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರು ಸೈನ್ಯ ಅದನ್ನು ಮುತ್ತಿದಾಗ ಆ ಯುದ್ಧದಲ್ಲೇ ಹೈದರಾಲಿ ಮೊದಲ ಬಾರಿಗೆ ಹೆಸರು ಮಾಡಿದ. ಈಗಿರುವ ಕಲ್ಲಿನ ಗೋಡೆಗಳು ಆ ಬಳಿಕ ಎದ್ದವು. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಈ ಕೋಟೆಯನ್ನು ವಶಪಡಿಸಿಕೊಂಡಿತು.

ಗೋಡೆಯ ಒಳಮಗ್ಗುಲಿನ ಮೆಟ್ಟಿಲುಗಳನ್ನು ಹತ್ತಿ ಅರ್ಧಚಂದ್ರಾಕಾರದ ಕೊತ್ತಲಗಳ ಮೇಲೆ ನಿಧಾನವಾಗಿ ನಡೆಯಿರಿ. ಕೆಳಗಿನದು ದಪ್ಪ ಕಲ್ಲಿನ ಕಟ್ಟಡ, ಮೇಲಿನದು ಇಟ್ಟಿಗೆ ಮತ್ತು ಗಾರೆಯ ಗೋಡೆ; ಅದರಲ್ಲಿ ಬಂದೂಕು ಚಾಚಲು ಬಿಟ್ಟ ಕಿಂಡಿಗಳಿಗೆ ಕಣ್ಣಿಟ್ಟರೆ, ಹೊರಗೆ ನಿಂತವನಿಗೆ ಕಾಣಿಸಿಕೊಳ್ಳದೆ ಗುರಿಯಿಡುತ್ತಿದ್ದ ಉಪಾಯ ತಾನಾಗಿಯೇ ತಿಳಿಯುತ್ತದೆ. ಒಳಗಿನ ವೇಣುಗೋಪಾಲಸ್ವಾಮಿ ದೇವಸ್ಥಾನದ ಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಕೆತ್ತಿದ್ದಾರೆ. ಮಧ್ಯಾಹ್ನ ಬಾಗಿಲು ಹಾಕಿರಬಹುದಾದ್ದರಿಂದ ಬೆಳಗ್ಗೆಯೇ ಹೋಗುವುದು ಲೇಸು. ಟಿಪ್ಪುವಿನ ಜನ್ಮಸ್ಥಳವೆಂದು ಗುರುತಿಸಿರುವುದು ಕೋಟೆಯ ಹೊರಗಿನ ಒಂದು ಪುಟ್ಟ ಕಂಬದ ಮಂಟಪ. ಐದು ನಿಮಿಷ ಸಾಕು.

ಊರಿನ ಚಹರೆ ಬದಲಾದದ್ದು 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ. ಭೌಗೋಳಿಕ ಸೂಚ್ಯಂಕ (ಈ ಊರಿನದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು) ಪಡೆದಿರುವ ದೇವನಹಳ್ಳಿ ಚಕ್ಕೋತದ ತೋಟಗಳಿದ್ದ ಕಡೆಗಳಲ್ಲಿ ಈಗ ಲೇಔಟುಗಳ ಫಲಕಗಳೇ ಹೆಚ್ಚು. ಎಲ್ಲರೂ ಜಮೀನು ಮಾರಲು ತುದಿಗಾಲಲ್ಲಿ ನಿಂತಿದ್ದಾರೆ ಎಂದು ಮಾತ್ರ ಭಾವಿಸಬೇಡಿ: ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಪಟ್ಟು ಬಿಡದೆ ಹೋರಾಡಿದ್ದರಿಂದ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡಬೇಕಾಯಿತು. ಚಕ್ಕೋತ ಸಿಕ್ಕಿದರೆ ಕೊಳ್ಳಿ. ಸಿಪ್ಪೆ ದಪ್ಪವಿದ್ದರೂ ತೊಳೆ ರಸಭರಿತ.

ಸಾಮಾನು ಹೆಚ್ಚಿದ್ದರೆ ವಿಮಾನ ನಿಲ್ದಾಣದಲ್ಲೇ ಇರಿಸಿ ಟ್ಯಾಕ್ಸಿ ಹಿಡಿಯಿರಿ. ಶನಿವಾರ, ಭಾನುವಾರಗಳಂದು ನಂದಿಬೆಟ್ಟಕ್ಕೆ ಹೋಗಿಬರುವವರ ವಾಹನಗಳು ಹೆದ್ದಾರಿ ತುಂಬುವುದರಿಂದ, ಹಿಂದಿರುಗಲು ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ.